ಮಿಸೆಸ್ ಹಡ್ಸನ್ ಓದುತ್ತಿದ್ದಳು

ಡಾಕ್ಟರ್ ವಾಟ್ಸನ್‌ಗೆ ಯುದ್ಧದಲ್ಲಿ ಗುಂಡು ತಗುಲಿದ್ದು ಎಲ್ಲಿಗೆ? 1887ರ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ಪ್ರಕಾರ ಭುಜಕ್ಕೆ. 1890ರ ‘ದಿ ಸೈನ್ ಆಫ್ ಫೋರ್’ನಲ್ಲಿ ನೋಯುವುದು ಮಾತ್ರ ಕಾಲು. ಆರ್ಥರ್ ಕಾನನ್ ಡಾಯಲ್ ಮರೆತಿರಬೇಕು ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ಷರ್ಲಾಕ್ ಹೋಮ್ಸ್‌ನ ಅಭಿಮಾನಿಗಳು ಅಷ್ಟಕ್ಕೆ ಬಿಡುವವರಲ್ಲ. ತಗುಲಿದ್ದು ಎರಡು ಗುಂಡು ಎಂದು ಕೆಲವರು ವಾದಿಸಿದರು. ಗುಂಡು ಒಂದೇ, ಆದರೆ ಆಗ ವಾಟ್ಸನ್ ಬಗ್ಗಿದ್ದ ಎಂದು ಇನ್ನು ಕೆಲವರು.

ಡಾಯಲ್ ಬರೆದ ನಾಲ್ಕು ಕಾದಂಬರಿ, 56 ಕತೆಗಳಿಗೆ ಅಭಿಮಾನಿಗಳು ‘ಕ್ಯಾನನ್’ ಎನ್ನುತ್ತಾರೆ. ಕ್ರೈಸ್ತರು ತಮ್ಮ ಅಧಿಕೃತ ಗ್ರಂಥಗಳಿಗೆ ಬಳಸುವ ಪದವದು. 1911ರಲ್ಲಿ ರೊನಾಲ್ಡ್ ನಾಕ್ಸ್ ಬೈಬಲ್ ವಿದ್ವಾಂಸರ ಧಾಟಿಯನ್ನು ಅಣಕಿಸುತ್ತ ಹೋಮ್ಸ್ ಕತೆಗಳನ್ನು ವಿಶ್ಲೇಷಿಸಿದ. ಆ ಆಟ ಇನ್ನೂ ನಿಂತಿಲ್ಲ. ಕ್ಯಾನನ್ ಹೇಳದ್ದನ್ನು ಓದುಗರೊಬ್ಬರು ತಮ್ಮಷ್ಟಕ್ಕೆ ನಂಬಿಕೊಂಡರೆ ಅದು ‘ಹೆಡ್‌ಕ್ಯಾನನ್’. ಅದನ್ನೇ ಊರೆಲ್ಲ ನಂಬಿದರೆ ‘ಫ್ಯಾನನ್’.

ಹೆಡ್‌ಕ್ಯಾನನ್‌ಗೆ ನನ್ನ ಮೆಚ್ಚಿನ ಉದಾಹರಣೆ ಡೊರೊತಿ ಸೇಯರ್ಸ್ ಅವರದು. ವಾಟ್ಸನ್‌ನ ಹೆಸರು ಜಾನ್ ಎಚ್. ವಾಟ್ಸನ್. ಆದರೆ ಒಂದು ಕತೆಯಲ್ಲಿ ಹೆಂಡತಿ ಅವನನ್ನು ‘ಜೇಮ್ಸ್’ ಎಂದು ಕರೆಯುತ್ತಾಳೆ. ಸೇಯರ್ಸ್ ತರ್ಕ ಹೀಗೆ: ಆ ‘ಎಚ್’ ಎಂದರೆ ಹೇಮಿಷ್, ಹೇಮಿಷ್ ಅಂದರೆ ಜೇಮ್ಸ್‌ನ ಸ್ಕಾಟಿಷ್ ರೂಪ, ಹೆಂಡತಿ ಅದನ್ನೇ ಮುದ್ದಿನಿಂದ ಕರೆದಳು. ಲೇಖಕನ ಕೈತಪ್ಪು ಇಲ್ಲಿ ದಾಂಪತ್ಯದ ಗುಟ್ಟಾಯಿತು.

ಸಂಶೋಧನಾ ವಿದ್ಯಾರ್ಥಿನಿಯಾದ ನನಗೆ ಪ್ರತಿ ವಾಕ್ಯಕ್ಕೂ ಆಧಾರ ಕೊಡುವುದು ಅಭ್ಯಾಸ. ಆದರೂ ಆಧಾರವಿಲ್ಲದ ಒಂದು ನಂಬಿಕೆ ನನ್ನಲ್ಲೂ ಇದೆ: ಬೇಕರ್ ಸ್ಟ್ರೀಟಿನ ಮನೆಯೊಡತಿ ಮಿಸೆಸ್ ಹಡ್ಸನ್, ಕೋಣೆ ಓರಣ ಮಾಡುವಾಗ ಹೋಮ್ಸ್ ಹರಡಿದ ಕಾಗದಗಳನ್ನೆಲ್ಲ ಓದುತ್ತಿದ್ದಳು. ಡಾಯಲ್ ಅವಳಿಗೆ ಸ್ವಂತ ಹೆಸರನ್ನೂ ಕೊಡಲಿಲ್ಲ. ಬೇರೊಂದು ಕತೆಯ ಮುದುಕಿಯಿಂದ ಮಾರ್ಥಾ ಎಂಬ ಹೆಸರನ್ನು ತಂದಿಟ್ಟವರು ಅಭಿಮಾನಿಗಳು. ‘ದಿ ಎಂಪ್ಟಿ ಹೌಸ್’ ಕತೆಯಲ್ಲಿ ಅವಳು ಕಾಲು ಗಂಟೆಗೊಮ್ಮೆ ಮಂಡಿಯೂರಿ ಹೋಗಿ ಹೋಮ್ಸ್‌ನ ಮೇಣದ ಪ್ರತಿಮೆಯನ್ನು ಸರಿಸುತ್ತಾಳೆ, ಹೊರಗಿನ ಬಂದೂಕುಗಾರನಿಗೆ ಅದು ಜೀವಂತ ಕಾಣಲೆಂದು. ಅಷ್ಟು ಧೈರ್ಯದವಳಿಗೆ ಕುತೂಹಲ ಇರಲಿಲ್ಲವೇ?

ಈ ನಂಬಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಅಮ್ಮನನ್ನು ಎಸ್ಸೆಸ್ಸೆಲ್ಸಿ ಆದಮೇಲೆ ಓದಿಸಲಿಲ್ಲ. ನನ್ನ ಮೇಜು ಒರೆಸಲು ಬಂದವಳು ಬಟ್ಟೆ ಕೈಯಲ್ಲೇ ಹಿಡಿದು ನನ್ನ ಟಿಪ್ಪಣಿಗಳನ್ನು ಪುಟಗಟ್ಟಲೆ ಓದುತ್ತಾಳೆ. ಕತೆ ಬಾಗಿಲಲ್ಲೇ ನಿಲ್ಲಿಸಿದವರನ್ನು ಒಳಗೆ ಕರೆಯಲು ಓದುಗರಿಗೆ ಇರುವ ದಾರಿ ಇದೊಂದೇ ಎಂದು ನನಗನ್ನಿಸುತ್ತದೆ.

ಆದರೆ ಊರೆಲ್ಲ ನಂಬಿದ್ದು ಕೆಲವೊಮ್ಮೆ ಒಳಗಿದ್ದವರನ್ನೇ ಹೊರಗೆ ದಬ್ಬುತ್ತದೆ. 1891ರ ‘ಎ ಸ್ಕ್ಯಾಂಡಲ್ ಇನ್ ಬೊಹೀಮಿಯಾ’ದಲ್ಲಿ ಐರೀನ್ ಆ್ಯಡ್ಲರ್ ಹೋಮ್ಸ್‌ನನ್ನು ಜಾಣ್ಮೆಯಿಂದ ಸೋಲಿಸಿ, ತಾನು ಮೆಚ್ಚಿ ಮದುವೆಯಾದವನೊಂದಿಗೆ ಹೊರಟುಹೋಗುತ್ತಾಳೆ. ಹೋಮ್ಸ್‌ಗೆ ಅವಳ ಮೇಲಿದ್ದದ್ದು ಪ್ರೇಮವಲ್ಲವೆಂದು ವಾಟ್ಸನ್ ಆರಂಭದಲ್ಲೇ ಸ್ಪಷ್ಟಪಡಿಸುತ್ತಾನೆ. ಆದರೂ 2009ರ ಹಾಲಿವುಡ್ ಚಿತ್ರವೂ ಸೇರಿ ಎಷ್ಟೋ ಕಡೆ ಅವಳು ಅವನ ಪ್ರೇಯಸಿ. ಇಲ್ಲಿ ತುಂಬಲು ಖಾಲಿ ಜಾಗವೇ ಇರಲಿಲ್ಲ. ಬರೆದದ್ದನ್ನು ಅಳಿಸಿ ಜಾಗ ಮಾಡಿಕೊಂಡರು.

ಈಚೆಗೆ ಅಮ್ಮನಿಗೆ ಐರೀನಳ ಕತೆಯನ್ನೂ ಸಿನಿಮಾದವರು ಮಾಡಿದ್ದನ್ನೂ ಹೇಳಿದೆ.

“ಗೆದ್ದವಳನ್ನೂ ತಂದು ಅವನಿಗೇ ಗಂಟುಹಾಕಬೇಕೇನೇ?” ಅಂದಳು.