ಕಣದಲ್ಲಿ ಕಂಡ ಆಕಾಶ

ಆಕಾಶ ನೋಡುವುದಕ್ಕೆ ಜಾಗ ಹುಡುಕಬೇಕೆಂದು ನಮ್ಮ ತಂದೆಯವರ ಮುಂದೆ ಯಾರಾದರೂ ಹೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು. ತಲೆಯೆತ್ತಿದರೆ ಕಾಣುವ ವಸ್ತುವಿಗೆ ಜಾಗವೇಕೆ? ಅವರ ಕಾಲಕ್ಕೆ ಆ ಮಾತು ಸರಿಯಾಗಿಯೇ ಇತ್ತು. ಇಂದು ನಗರಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಕಾಣುವುದು ಬೆರಳೆಣಿಕೆಯ ನಕ್ಷತ್ರಗಳು ಮಾತ್ರ. ಆಕಾಶಗಂಗೆಯೆಂಬುದು ಅವರ ಪಾಲಿಗೆ ಪಠ್ಯಪುಸ್ತಕದ ಒಂದು ಚಿತ್ರ. ಆದ್ದರಿಂದಲೇ ಅಮಾವಾಸ್ಯೆಯ ಆಸುಪಾಸಿನ ಶನಿವಾರ, ಭಾನುವಾರಗಳಂದು ದೂರದರ್ಶಕ, ಕ್ಯಾಮೆರಾಗಳನ್ನು ಹೊತ್ತು ಗುಂಪುಗೂಡಿ ಹಳ್ಳಿಗಾಡಿಗೆ ಹೊರಡುವ ಹವ್ಯಾಸಿಗಳು ಈಗ ಅನೇಕರಿದ್ದಾರೆ. ಅಂಥದೊಂದು ತಂಡಕ್ಕೆ ಬೀಡುಬಿಡಲು ಸ್ಥಳ ಆರಿಸಿಕೊಡಲು ಹೋಗಿ ನಾನು ಕಲಿತ ಪಾಠವನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿದೆ.

2024ರ ಜನವರಿ ತಿಂಗಳ ಆರಂಭ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ದೂರವಾಣಿ ಮಾಡಿ, "ಮಾವ, ನಾವು ಹದಿನಾಲ್ಕು ಮಂದಿ ಆಗುತ್ತೇವೆ. ಹೆಂಗಸರು, ಮಕ್ಕಳೂ ಇರುತ್ತಾರೆ. ನಿಮ್ಮ ಗೊರೂರಿನ ಕಡೆ ಕತ್ತಲೆಯ ಜಾಗವೊಂದನ್ನು ನೋಡಿಕೊಡಿ. ರಾತ್ರಿಯೆಲ್ಲ ಆಕಾಶದ ಛಾಯಾಚಿತ್ರ ತೆಗೆಯಬೇಕು" ಎಂದನು. ಹಾಸನದಲ್ಲಿ ನಿವೃತ್ತ ಜೀವನ ನಡೆಸುತ್ತಿರುವ ವಿಜ್ಞಾನ ಶಿಕ್ಷಕ ನಾನು. ಜಿ. ಟಿ. ನಾರಾಯಣರಾಯರ ಖಗೋಳ ಪುಸ್ತಕಗಳನ್ನು ಓದಿ ನಕ್ಷತ್ರಗಳನ್ನು ಗುರುತಿಸಲು ಕಲಿತವನು. ನನ್ನನ್ನು ಬಿಟ್ಟು ಇನ್ನಾರನ್ನು ಕೇಳಿಯಾನು ಎಂಬ ಹೆಮ್ಮೆಯಿಂದ ತಕ್ಷಣ ಒಪ್ಪಿಕೊಂಡೆ.

ಗೊರೂರು ಎಂದೊಡನೆ ಓದುವ ಹವ್ಯಾಸವುಳ್ಳವರಿಗೆ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ನೆನಪು ಬರುವುದು. ನಮ್ಮಂಥವರಿಗೆ ನೆನಪಾಗುವುದು ಅಣೆಕಟ್ಟು. 1979ರಲ್ಲಿ ಪೂರ್ಣಗೊಂಡ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ, ಸಂಗ್ರಹ ಸುಮಾರು 37 ಟಿ.ಎಂ.ಸಿ. ಆ ನೀರಿನ ಅಡಿಯಲ್ಲಿ ಅನೇಕ ಊರುಗಳಿವೆ. ನಮ್ಮದೂ ಅವುಗಳಲ್ಲಿ ಒಂದು. ಅಣೆಕಟ್ಟಿನ ಕೆಳಗಿನ ಲಕ್ಷಾಂತರ ಎಕರೆಗಳು ಹಸಿರಾದುದು ನಿಜ, ನಮ್ಮ ತಂದೆಯವರು ಮನೆ, ಗದ್ದೆ, ಕಣಗಳನ್ನು ಬಿಟ್ಟು ಎತ್ತರದ ನೆಲಕ್ಕೆ ಬಂದು ಹೊಸದಾಗಿ ಬದುಕು ಕಟ್ಟಿದುದೂ ಅಷ್ಟೇ ನಿಜ.

ಸೋದರಳಿಯನಿಗೆ ನಾನು ಆರಿಸಿಕೊಟ್ಟ ಸ್ಥಳ ಜಲಾಶಯದ ಹಿನ್ನೀರಿನ ದಂಡೆ. ಕಾರಣಗಳನ್ನೂ ಪಟ್ಟಿ ಮಾಡಿ ಹೇಳಿದ್ದೆ. ವಿಶಾಲವಾದ ಬಯಲು, ಹತ್ತಿರದಲ್ಲಿ ಮನೆಗಳಿಲ್ಲ, ಮರಗಳ ಅಡ್ಡಿಯಿಲ್ಲ, ನೀರಿನಲ್ಲಿ ನಕ್ಷತ್ರಗಳ ಪ್ರತಿಬಿಂಬವೂ ಚಿತ್ರಕ್ಕೆ ಸಿಕ್ಕೀತು. ಆದರೆ ನಿಜವಾದ ಕಾರಣವನ್ನು ಯಾರಿಗೂ ಹೇಳಿರಲಿಲ್ಲ. ಆ ದಂಡೆಯ ಎದುರಿಗೇ, ನೀರಿನಡಿಯಲ್ಲಿ, ನಮ್ಮ ಹಳೆಯ ಊರು ಇತ್ತು. ಬಾಲ್ಯದಲ್ಲಿ ಕಂಡ ಆಕಾಶವನ್ನು ಅಲ್ಲಿಂದಲೇ ಮತ್ತೊಮ್ಮೆ ನೋಡಬೇಕೆಂಬ ಆಸೆ ನನ್ನದಾಗಿತ್ತು.

ಸಂಕ್ರಾಂತಿಗೆ ಮುಂಚಿನ ಶನಿವಾರ ಸಂಜೆ ತಂಡ ಬಂದಿಳಿಯಿತು. 2023ರ ಮಳೆಗಾಲ ಕೈಕೊಟ್ಟಿದ್ದರಿಂದ ನೀರು ಬಹಳ ಹಿಂದೆ ಸರಿದು, ದಂಡೆ ಒಣಗಿ ಬಿರುಕುಬಿಟ್ಟಿತ್ತು. ಡೇರೆಗಳನ್ನು ಹೂಡುತ್ತಿರುವಾಗಲೇ ತಂಗಿಯ ಆರು ವರ್ಷದ ಮೊಮ್ಮಗ ನೀರಿನ ಕಡೆಗೆ ಓಡಿದನು. ಮೇಲೆ ಒಣಗಿದಂತೆ ಕಾಣುತ್ತಿದ್ದ ನೆಲದ ಅಡಿಯಲ್ಲಿ ಹೂಳು ಇನ್ನೂ ಹಸಿಯಾಗಿಯೇ ಇತ್ತು. ನೋಡನೋಡುತ್ತಿದ್ದಂತೆ ಮಗು ಮೊಣಕಾಲಿನವರೆಗೆ ಹುಗಿದು ಕಿರುಚತೊಡಗಿತು. ಇಬ್ಬರು ಯುವಕರು ಡೇರೆಯ ಬಟ್ಟೆಯನ್ನು ಹಾಸಿ, ಅದರ ಮೇಲೆ ಮಲಗಿ ತೆವಳಿ, ಅವನನ್ನು ಎಳೆದು ತಂದರು. ಇನ್ನು ನಾಲ್ಕು ಹೆಜ್ಜೆ ಮುಂದೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ತಂಗಿ ಮಗುವಿನ ಕಾಲು ತೊಳೆಯುತ್ತಾ, "ಚಿಕ್ಕಣ್ಣ, ಆಕಾಶ ನೋಡುವುದಕ್ಕೆ ಮೊದಲು ನೆಲ ನೋಡಬೇಡವೇ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ಆಕಾಶವೂ ಒಲಿಯಲಿಲ್ಲ. ಗುರುಗ್ರಹ, ಕೃತ್ತಿಕೆ, ಮಹಾವ್ಯಾಧ ಎಲ್ಲರೂ ಸಂಜೆ ಚೆನ್ನಾಗಿಯೇ ದರ್ಶನ ಕೊಟ್ಟರು. ಹತ್ತು ಗಂಟೆಯ ಹೊತ್ತಿಗೆ ಮಸೂರಗಳ ಮೇಲೆ ಇಬ್ಬನಿ ಕೂರತೊಡಗಿತು. ನಿರ್ಮಲವಾದ ರಾತ್ರಿಯಲ್ಲಿ ಗಾಜು, ಲೋಹಗಳು ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಅವುಗಳ ಮೇಲೆ ಹನಿಯಾಗಿ ಇಳಿಯುತ್ತದೆ. ತಣ್ಣನೆಯ ಗಾಳಿಯಾದರೋ ನೀರಿನಂತೆಯೇ ತಗ್ಗಿಗೆ ಹರಿದುಬಂದು ನಿಲ್ಲುತ್ತದೆ. ಇದನ್ನೆಲ್ಲ ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದ್ದ ನಾನು, ತಗ್ಗೂ ನೀರೂ ಕೂಡಿದ ಸ್ಥಳವನ್ನೇ ಆರಿಸಿದ್ದೆ! ಹನ್ನೊಂದಕ್ಕೆ ನೀರಿನಿಂದ ಮಂಜು ಎದ್ದಿತು. ನಡುರಾತ್ರಿಗೆ ಎಲ್ಲವನ್ನೂ ಕಟ್ಟಿಕೊಂಡು ದೊಡ್ಡಣ್ಣನವರ ಮನೆಯ ಬಾಗಿಲು ತಟ್ಟಿದೆವು.

ದೊಡ್ಡಣ್ಣನವರಿಗೆ ಎಂಬತ್ತು ಸಮೀಪಿಸಿದೆ. ಅತ್ತಿಗೆಯವರು ಎದ್ದು ಬಿಸಿನೀರು ಕಾಯಿಸಿ, ಅಷ್ಟು ಹೊತ್ತಿನಲ್ಲಿ ಹದಿನಾಲ್ಕು ಮಂದಿಗೂ ಅನ್ನ, ಅವರೆಕಾಳಿನ ಸಾರು ಬಡಿಸಿದರು. ನಡೆದುದನ್ನೆಲ್ಲ ಕೇಳಿದ ಅಣ್ಣನವರು, "ನೀರ ಬದಿಯಲ್ಲಿ ಮಂಜು ಬೀಳದೆ ಇನ್ನೇನು ಬಿದ್ದೀತು? ನಮ್ಮ ಕಣ ಇರಲಿಲ್ಲವೇ?" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಮರುದಿನ ಬೆಳಗ್ಗೆ ಕಣಕ್ಕೆ ಹೋಗಿ ನಿಂತಾಗ ಆ ಮಾತಿನ ಅರ್ಥ ತಿಳಿಯಿತು. ಕಣಕ್ಕೆ ಎಂತಹ ಜಾಗ ಬೇಕು? ರಾಗಿ ತೂರುವುದಕ್ಕೆ ಗಾಳಿ ಆಡಬೇಕು, ಆದ್ದರಿಂದ ದಿಣ್ಣೆಯಾಗಿರಬೇಕು. ಕಾಳು ನೆನೆಯಬಾರದು, ಆದ್ದರಿಂದ ನೀರು ನಿಲ್ಲದ ಗಟ್ಟಿ ನೆಲವಿರಬೇಕು. ಬಿಸಿಲು ಬೀಳಬೇಕು, ಆದ್ದರಿಂದ ಸುತ್ತ ಮರಗಳಿರಬಾರದು. ಬೆಂಕಿಯ ಭಯಕ್ಕೆ ಮನೆಗಳಿಂದ ದೂರವಿರಬೇಕು, ಕಾವಲಿಗೆ ಅನುಕೂಲವಾಗುವಂತೆ ಕೂಗಳತೆಯಲ್ಲಿಯೂ ಇರಬೇಕು. ನಕ್ಷತ್ರವೀಕ್ಷಕನಿಗೆ ಬೇಕಾದುದೂ ಇವೇ ಅಲ್ಲವೇ? ಗಾಳಿಯಾಡುವ ದಿಣ್ಣೆಯಲ್ಲಿ ಇಬ್ಬನಿ ಕಡಿಮೆ. ಗಟ್ಟಿ ನೆಲದಲ್ಲಿ ಕ್ಯಾಮೆರಾದ ಮುಕ್ಕಾಲಿ ಅಲುಗದು. ಕೂಗಳತೆಯಲ್ಲಿ ಮನೆಯಿದ್ದರೆ ಹೆಂಗಸರಿಗೆ ಶೌಚದ ತೊಂದರೆಯಿಲ್ಲ, ಮಕ್ಕಳಿಗೆ ನಿದ್ದೆ ಬಂದರೆ ಮಲಗಿಸಲು ಸೂರುಂಟು.

ಬಯಲಿನ ವಿಚಾರವನ್ನು ಸ್ವಲ್ಪ ವಿವರಿಸಬೇಕು. ಭೂಮಿ ತಿರುಗುವುದರಿಂದ ಛಾಯಾಚಿತ್ರದಲ್ಲಿ ನಕ್ಷತ್ರಗಳು ಗೆರೆಗಳಾಗಿಬಿಡುತ್ತವೆ. 20 ಮಿ.ಮೀ. ಮಸೂರದಲ್ಲಿ ಸುಮಾರು 25 ಸೆಕೆಂಡುಗಳಿಗಿಂತ ಹೆಚ್ಚು ಕಾಲ ಬೆಳಕು ಹಿಡಿಯುವಂತಿಲ್ಲ. ಹೆಚ್ಚು ಹಿಡಿಯಬೇಕಾದರೆ ನಕ್ಷತ್ರಗಳ ಜೊತೆಗೇ ತಿರುಗುವ ಪೀಠ ಬೇಕು, ಆ ಪೀಠದ ಅಕ್ಷವನ್ನು ಧ್ರುವನಕ್ಷತ್ರದ ಕಡೆಗೆ ಹೊಂದಿಸಬೇಕು. ಗೊರೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆದ್ದರಿಂದ ಧ್ರುವನೂ ಇಲ್ಲಿ ದಿಗಂತದಿಂದ ಸುಮಾರು 13 ಡಿಗ್ರಿಯಷ್ಟೇ ಎತ್ತರ. ಕೈಯನ್ನು ನೀಳವಾಗಿ ಚಾಚಿ ಹಿಡಿದ ಮುಷ್ಟಿ ಹತ್ತು ಡಿಗ್ರಿ ಎಂದುಕೊಂಡರೆ, ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು. ಅರವತ್ತು ಅಡಿಯ ತೆಂಗಿನ ಮರ ಉತ್ತರಕ್ಕೆ 260 ಅಡಿಗಿಂತ ಹತ್ತಿರವಿದ್ದರೆ ಧ್ರುವ ಅದರ ಗರಿಗಳಲ್ಲಿ ಮರೆಯಾಗುತ್ತಾನೆ. ತೆಂಗಿನ ತೋಟಗಳ ನಮ್ಮ ಸೀಮೆಯಲ್ಲಿ ಇದು ಸಣ್ಣ ಅಡಚಣೆಯಲ್ಲ.

ದಕ್ಷಿಣ ದಿಕ್ಕು ಇನ್ನೂ ಮುಖ್ಯ. ತ್ರಿಶಂಕು ನಕ್ಷತ್ರಪುಂಜ ಇಲ್ಲಿ ಅತ್ಯಂತ ಮೇಲೇರಿದಾಗಲೂ ಎರಡು ಮುಷ್ಟಿಯನ್ನು ಮೀರದು. ಉತ್ತರದ ದೇಶಗಳ ಖಗೋಳಾಸಕ್ತರಿಗೆ ಕಾಣಲೂ ಸಿಗದ ಇಂಥ ನಕ್ಷತ್ರಗಳು ನಮಗೆ ದೊರೆತಿರುವ ವರ. ಹಿರಿಯ ಖಗೋಳವಿಜ್ಞಾನಿ ವೈನು ಬಪ್ಪು ಅವರು 1960ರ ದಶಕದಲ್ಲಿ ಹೊಸ ವೀಕ್ಷಣಾಲಯಕ್ಕೆ ಸ್ಥಳ ಹುಡುಕಿ, ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರನ್ನು ಆರಿಸಿದುದರ ಹಿಂದೆಯೂ ಈ ವಿಚಾರವಿತ್ತು. ಕಾವಲೂರಿನ ಅಕ್ಷಾಂಶ ಹೆಚ್ಚುಕಡಮೆ ನಮ್ಮದೇ. ದೊಡ್ಡವರು ದೊಡ್ಡ ಕೆಲಸಕ್ಕೆ ಮಾಡಿದ ವಿಚಾರವನ್ನು ನಾವು ಎರಡು ದಿನದ ಬೀಡಿಗೂ ಮಾಡಬೇಕು.

ಫೆಬ್ರವರಿಯ ಅಮಾವಾಸ್ಯೆ 9ನೆಯ ತಾರೀಖು ಶುಕ್ರವಾರ ಬಿದ್ದಿತ್ತು. ಶನಿವಾರ ರಾತ್ರಿ ಕಣದಲ್ಲಿ ಕೂಡುವುದೆಂದು ಗೊತ್ತಾಯಿತು. ಅಮಾವಾಸ್ಯೆಯ ಕತ್ತಲಲ್ಲಿ ಮಕ್ಕಳನ್ನು ಬಯಲಿಗೆ ಕರೆದೊಯ್ಯುವುದೇ ಎಂದು ನೆರೆಮನೆಯ ಹಿರಿಯರೊಬ್ಬರು ಶಂಕಿಸಿದರು. ಕಾಲವನ್ನು ಒಳ್ಳೆಯದು, ಕೆಟ್ಟದು ಎಂದು ವಿಂಗಡಿಸಬಾರದೆಂದು ಶರಣರಿಂದ ಕಲಿತ ಮನೆತನಗಳಲ್ಲಿ ಈ ಶಂಕೆ ನಿಲ್ಲಬಾರದು. ಅತ್ತಿಗೆಯವರೇ ಅದನ್ನು ಅವರಿಗೆ ನಯವಾಗಿ ಹೇಳಿದರು.

ಆದರೆ ದೊಡ್ಡಣ್ಣನವರ ಆತಂಕ ಬೇರೆಯಾಗಿತ್ತು. ಅವರ ಹಿತ್ತಿಲಿನ ಕಂಬದಲ್ಲಿ ಒಂದು ಪ್ರಖರವಾದ ಎಲ್‌ಇಡಿ ದೀಪವಿದೆ, ಅದರ ಬೆಳಕು ನೇರವಾಗಿ ಕಣಕ್ಕೆ ಬೀಳುತ್ತದೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಅಂಥ ದೀಪ ಒಂದು ಕ್ಷಣ ಕಣ್ಣಿಗೆ ಬಿದ್ದರೆ ಅದೆಲ್ಲ ವ್ಯರ್ಥ. ದೀಪ ಆರಿಸಬಹುದೇ ಎಂದು ಕೇಳಿದಾಗ ಅಣ್ಣನವರು, "ಆನೆ ಬಂದರೆ ಹೊಣೆ ಯಾರು?" ಎಂದರು. ಇದು ತಳ್ಳಿಹಾಕುವ ಮಾತಲ್ಲ. ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ, ಬೇಲೂರು ತಾಲೂಕುಗಳ ಜನ ಕಾಡಾನೆಗಳಿಂದ ಪಟ್ಟ ಪಾಡು ಎಲ್ಲರಿಗೂ ತಿಳಿದಿದೆ. ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ, 2023ರ ಡಿಸೆಂಬರ್ 4ರಂದು ಯಸಳೂರಿನ ಬಳಿ ಕಾಡಾನೆಯೊಂದಿಗಿನ ಕಾಳಗದಲ್ಲಿ ಮಡಿದು ಇನ್ನೂ ಹೆಚ್ಚು ದಿನಗಳಾಗಿರಲಿಲ್ಲ.

ಒಮ್ಮೆ ಮಗುವಿನ ವಿಷಯದಲ್ಲಿ ಎಡವಿದ್ದ ನಾನು ಈ ಸಲ ವಾದಿಸಲಿಲ್ಲ. ಅರಣ್ಯ ಇಲಾಖೆಯ ಸಿಬ್ಬಂದಿಯನ್ನು ಕಂಡು, ಆ ವಾರ ಹಿಂಡು ನಮ್ಮ ಕಡೆಗೆ ಇಲ್ಲವೆಂದು ತಿಳಿದುಕೊಂಡೆ. ದೀಪದ ಸಮಸ್ಯೆಯನ್ನು ಅಣ್ಣನವರೇ ಬಗೆಹರಿಸಿದರು. ಖಾಲಿಯಾದ ಎಣ್ಣೆ ಡಬ್ಬವೊಂದನ್ನು ಕತ್ತರಿಸಿ, ದೀಪಕ್ಕೆ ಮೇಲಿನಿಂದ ಮುಸುಕು ಹಾಕಿಸಿದರು. ಬೆಳಕು ಆಕಾಶಕ್ಕೂ ಕಣಕ್ಕೂ ಚೆಲ್ಲುವುದು ನಿಂತು, ಕೆಳಗಿನ ಹಿತ್ತಿಲಿಗೆ ಮಾತ್ರ ಬಿದ್ದಿತು. ಕಣ್ಣಿಗೆ ಕುಕ್ಕುವುದು ತಪ್ಪಿದ ಮೇಲೆ ಹಿತ್ತಿಲ ಬೇಲಿಯೂ ಅದರಾಚೆಯ ನೆಲವೂ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿದ್ದವು! ಕಾವಲೂ ಉಳಿಯಿತು, ಕತ್ತಲೆಯೂ ದೊರೆಯಿತು.

ಆ ರಾತ್ರಿ ಅಡಿಗೆಯನ್ನು ಹೊತ್ತು ಮುಳುಗುವ ಮೊದಲೇ ಮುಗಿಸಿ, ಟಾರ್ಚುಗಳಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ, ವಾಹನಗಳನ್ನು ಬೆಳಗಿನವರೆಗೆ ಕದಲಿಸಬಾರದೆಂದು ಕಟ್ಟು ಮಾಡಿದೆವು. ಉತ್ತರಕ್ಕೆ ಹಾಸನ ನಗರದ ಬೆಳಕು ತೆಳುವಾದ ಬೂದಿ ಬಣ್ಣದಲ್ಲಿ ಕಾಣುತ್ತಿತ್ತಾದರೂ ಧ್ರುವನನ್ನು ಮುಚ್ಚುವಷ್ಟಿರಲಿಲ್ಲ. ದಕ್ಷಿಣದಲ್ಲಿ ಅಗಸ್ತ್ಯ ಸ್ಥಿರವಾಗಿ ಬೆಳಗುತ್ತಿದ್ದನು. ಮೂರೂವರೆಯ ಹೊತ್ತಿಗೆ ತ್ರಿಶಂಕು ನೇರ ದಕ್ಷಿಣಕ್ಕೆ ಬಂದು ನಿಂತಿತು. ಆಗ್ನೇಯದಲ್ಲಿ ವೃಶ್ಚಿಕದ ಹಿಂದೆಯೇ ಆಕಾಶಗಂಗೆಯ ದಟ್ಟವಾದ ಭಾಗ ಹೊಗೆಯಂತೆ ಮೇಲೇರತೊಡಗಿತು. ಮಸೂರಗಳು ಬೆಳಗಿನವರೆಗೂ ಒಣಗಿಯೇ ಇದ್ದವು.

ದೊಡ್ಡಣ್ಣನವರು ಕಂಬಳಿ ಹೊದ್ದು ಹುಲ್ಲಿನ ಮೆದೆಗೆ ಒರಗಿ ಕುಳಿತಿದ್ದರು. ಹಿತ್ತಿಲಿಗೆ ದೀಪ ಬಂದಮೇಲೆ ತಾವು ರಾತ್ರಿ ತಲೆಯೆತ್ತಿದ್ದೇ ಇಲ್ಲವೆಂದರು. ಸೋದರಳಿಯ ಕ್ಯಾಮೆರಾದ ಹಿಂಬದಿಯಲ್ಲಿ ಆಕಾಶಗಂಗೆಯ ಚಿತ್ರವನ್ನು ತೋರಿಸಿದಾಗ ಬಹಳ ಹೊತ್ತು ನೋಡಿ, "ಹಳೆಯ ಕಣದಲ್ಲಿ ಅಪ್ಪನ ಪಕ್ಕದಲ್ಲಿ ಮಲಗಿದಾಗ ಇದು ಬರಿಗಣ್ಣಿಗೇ ಹೀಗೆ ಕಾಣುತ್ತಿತ್ತು. ಬೆಳ್ಳಿ ಮೂಡಿತು, ಏಳಿ, ಎತ್ತು ಹೂಡಬೇಕು ಎಂದು ಎಬ್ಬಿಸುತ್ತಿದ್ದ" ಎಂದರು. ಅವರು ಹೇಳಿದ ಸ್ವಲ್ಪ ಹೊತ್ತಿಗೆ ಪೂರ್ವದಲ್ಲಿ ಬೆಳ್ಳಿ ಮೂಡಿತು. ಹಳೆಯ ಆಕಾಶವನ್ನು ಕಾಣಲು ನಾನು ಹಳೆಯ ಊರಿನ ದಂಡೆಗೆ ಹೋಗಬೇಕಾಗಿರಲಿಲ್ಲವೆಂದು ನನಗೆ ಅರಿವಾದುದು ಆಗ.

ಇಂದು ಹಲವರು ಯಂತ್ರದಿಂದಲೇ ಒಕ್ಕಣೆ ಮುಗಿಸುವುದರಿಂದ ಅನೇಕ ಊರುಗಳಲ್ಲಿ ಕಣಗಳು ಬರಿದಾಗಿವೆ. 2022ರಲ್ಲಿ ಲಡಾಖಿನ ಹಾನ್ಲೆಯ ಸುತ್ತಲಿನ ಕತ್ತಲೆಯನ್ನು ಸಂರಕ್ಷಿತವೆಂದು ಘೋಷಿಸಲಾಯಿತು. ಅಷ್ಟು ದೂರ ಹೋಗಲಾರದ ನಮ್ಮ ಕುಟುಂಬಗಳಿಗೆ ಊರಿನ ಕಣವೇ ಸಾಕು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ, ಅಮಾವಾಸ್ಯೆಯ ಸಮೀಪದ ಒಂದು ಶನಿವಾರ, ಮಕ್ಕಳನ್ನು ಕರೆದುಕೊಂಡು ಹೋಗಿ. ಹಗಲಿನಲ್ಲೇ ಹೋಗಿ ನೆಲವನ್ನು ತುಳಿದು ನೋಡಿ, ಮುಷ್ಟಿ ಹಿಡಿದು ಉತ್ತರ, ದಕ್ಷಿಣಗಳನ್ನು ಅಳೆಯಿರಿ, ಹೊಲದ ಒಡೆಯರ ಒಪ್ಪಿಗೆ ಕೇಳಿ, ಊರಿನ ಹಿರಿಯರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ನಿಮ್ಮ ಮನೆಯ ಹೊರದೀಪಕ್ಕೊಂದು ಮುಸುಕು ಹಾಕಿಸಿ.

ದೊಡ್ಡಣ್ಣನವರ ದೀಪಕ್ಕೆ ಆ ಎಣ್ಣೆ ಡಬ್ಬದ ಮುಸುಕು ಇಂದಿಗೂ ಹಾಗೆಯೇ ಇದೆ. ಹೂಳಿನಲ್ಲಿ ಹುಗಿದಿದ್ದ ತಂಗಿಯ ಮೊಮ್ಮಗ ಪ್ರತಿ ತಿಂಗಳೂ ದೂರವಾಣಿಯಲ್ಲಿ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ತಾತ, ಅಮಾವಾಸ್ಯೆ ಯಾವಾಗ?"