ತಂಬಿಟ್ಟಿಗೆ ಬೆಲ್ಲ ಎಷ್ಟು?

ಅಮ್ಮನಿಗೆ ಶುಗರ್ ಬಂದ ಮೇಲೆ ಯಲಹಂಕದ ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿ ಅಟ್ಟ ಸೇರಿತು. ಬೆಲ್ಲ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ‘ಬೆಲ್ಲ ಬೇರೆ, ಸಕ್ಕರೆ ಬೇರೆ ಕಣೇ’ ಎಂಬುದು ಅವಳ ವಾದ. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇದೆ, ನಿಜ. ಆದರೆ ಬಹುಪಾಲು ಸುಕ್ರೋಸೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ, ದಿನಕ್ಕೆ ಸುಮಾರು 25 ಗ್ರಾಂ ಎಂಬ ಮಿತಿಯಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ.

ಶಿವರಾತ್ರಿಯ ತಂಬಿಟ್ಟಿಗೆ ಬೆಲ್ಲ ಇಳಿಸೋಣವೆಂದರೆ ಇನ್ನೊಂದು ತೊಡಕು: ಹಿಟ್ಟನ್ನು ಹಿಡಿದಿಡುವುದೇ ಪಾಕ. ಅದು ಕಮ್ಮಿಯಾದರೆ ಉಂಡೆ ಕಟ್ಟಲು ಬರುವುದಿಲ್ಲ. ಹುರಿದ ಕಡಲೆಬೀಜ, ಎಳ್ಳನ್ನು ಎಣ್ಣೆ ಬಿಡುವಷ್ಟು ಕುಟ್ಟಿ ಸೇರಿಸಿದೆವು. ಉಂಡೆ ನಿಂತಿತು, ನೆಲ್ಲಿಕಾಯಿ ಗಾತ್ರದಲ್ಲಿ.

ನನ್ನ ಲ್ಯಾಬಿನವರಿಗೂ ಡಬ್ಬಿ ತುಂಬಿಸುವ ಅಮ್ಮನಿಗೆ ಸಿಹಿ ತಿನ್ನುವುದಕ್ಕಿಂತ ಹಂಚುವುದನ್ನು ಬಿಡುವುದೇ ಕಷ್ಟ. ಎರಡನ್ನೂ ಅವಳು ಬಿಟ್ಟಿಲ್ಲ. ತನ್ನ ಪಾಲನ್ನು ಮಾತ್ರ ಒಂದೇ ಉಂಡೆಗೆ ನಿಲ್ಲಿಸುತ್ತಾಳೆ.