ಎಂಬತ್ತು ಸೀಟಿನ ಲೆಕ್ಕ

ಇಂಟೀರಿಯರ್ ಡಿಸೈನ್ ಓದೋರಿಗೆ ಆಫೀಸ್ ಪ್ರಾಜೆಕ್ಟ್ ಸಿಕ್ಕಿದ್ರೆ ಮೊದಲು ಕೈ ಹೋಗೋದು ಪಿಂಟರೆಸ್ಟ್‌ಗೆ. ನಮ್ಮ ಮೇಡಂ ಅದಕ್ಕೆ ಅವಕಾಶ ಕೊಡಲಿಲ್ಲ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಆಫೀಸು, 80 ಸೀಟು ಬೇಕು. "ಒಂದು ವಾರ ಅಲ್ಲಿ ಕೂತು ಜನರನ್ನ ನೋಡಿ, ಆಮೇಲೆ ಪೆನ್ಸಿಲ್ ಹಿಡೀರಿ" ಅಂದ್ರು.

ನಮ್ಮ ಪುಸ್ತಕಗಳಲ್ಲಿ ಒಬ್ಬ 'ಸರಾಸರಿ ಮನುಷ್ಯ' ಇರ್ತಾನೆ. ಲೆ ಕಾರ್ಬೂಸಿಯೆ ತನ್ನ 'ಮಾಡ್ಯುಲರ್' ಅಳತೆಗೆ ಕೊನೆಗೆ ಆರಿಸಿಕೊಂಡದ್ದು 183 ಸೆಂಟಿಮೀಟರ್ ಎತ್ತರದ ಗಂಡಸನ್ನು. ಏಸಿ ಕಥೆಯೂ ಅಷ್ಟೇ. 1960ರ ದಶಕದ ಒಂದು ಮಾದರಿ ಗಂಡಸಿನ ಮೈಶಾಖದ ಲೆಕ್ಕದ ಮೇಲೆ ನಿಂತಿದೆ ಅಂತ 2015ರಲ್ಲಿ 'ನೇಚರ್ ಕ್ಲೈಮೇಟ್ ಚೇಂಜ್' ಪತ್ರಿಕೆಯ ಅಧ್ಯಯನವೊಂದು ತೋರಿಸಿತು. ಏಪ್ರಿಲ್ ತಿಂಗಳಲ್ಲೂ ಹುಡುಗಿಯರ ಕುರ್ಚಿ ಮೇಲೆ ಶಾಲು ಯಾಕಿರುತ್ತೆ ಅಂತ ಆಗ ಅರ್ಥವಾಯ್ತು.

ಆ ವಾರ ನನಗೆ ಕಂಡವರು ಸರಾಸರಿಯವರಲ್ಲ. ಕಿವಿ ಸರಿಯಾಗಿ ಕೇಳದ ಒಬ್ಬ ಡೆವಲಪರ್ ತುಟಿ ನೋಡಿ ಮಾತು ಹಿಡೀತಿದ್ದ. ಮೀಟಿಂಗ್ ರೂಮಿನಲ್ಲಿ ಮಾತಾಡೋರ ಬೆನ್ನ ಹಿಂದೆಯೇ ಕಿಟಕಿ, ಹಾಗಾಗಿ ಅವನಿಗೆ ಕಾಣ್ತಿದ್ದದ್ದು ಬರೀ ಕಪ್ಪು ಮುಖಗಳು. ಹೆರಿಗೆ ರಜೆ ಮುಗಿಸಿ ಬಂದವರೊಬ್ಬರು ಎದೆಹಾಲು ತೆಗೆಯೋಕೆ ಟಾಯ್ಲೆಟ್‌ಗೆ ಹೋಗ್ತಿದ್ರು. ಹೌಸ್‌ಕೀಪಿಂಗ್ ಅಕ್ಕ ಫೈರ್ ಎಕ್ಸಿಟ್ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚುತ್ತಿದ್ರು. ಪ್ಯಾಂಟ್ರಿಯಲ್ಲಿ ಯಾಕೆ ಕೂರಲ್ಲ ಅಂದೆ.

"ಯಾರೂ ಏನೂ ಅನ್ನಲ್ಲ ಕಣಮ್ಮಾ. ನಾನು ಕೂತ್ರೆ ಅವರು ಎದ್ದು ಹೋಗ್ತಾರೆ, ಅಷ್ಟೆ."

ಕೆಲವು ಕೆಲಸ ಸುಲಭ. ಬಾಗಿಲು 900 ಮಿಲಿಮೀಟರ್ ತೆರೆದಿರಬೇಕು, 1 ಅಡಿ ಏರೋಕೆ 12 ಅಡಿ ಉದ್ದದ ರ‍್ಯಾಂಪ್ ಬೇಕು. ಇದಕ್ಕೆಲ್ಲ ನಿಯಮ ಇದೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬೆನ್ನಿಗಿದೆ. ಮೀಟಿಂಗ್ ಟೇಬಲ್ ತಿರುಗಿಸೋಕಂತೂ ಒಂದು ರೂಪಾಯಿ ಖರ್ಚಿಲ್ಲ. ಆದ್ರೆ ಅಕ್ಕನ ಬುತ್ತಿಗೆ ಯಾವ ನಿಯಮ?

ಪ್ಯಾಂಟ್ರಿಯಲ್ಲಿ ಎಲ್ಲರಿಗೂ ಸೇರಿ ಒಂದೇ ಉದ್ದನೆ ಟೇಬಲ್ ಹಾಕೋಣ ಅಂತ ನನ್ನ ಆಸೆ. ಬೇರೆ ರೂಮು ಕೊಟ್ರೆ ಊರಿನ ಹಳೇ ಗೋಡೆಯನ್ನೇ ಜಿಪ್ಸಮ್ ಬೋರ್ಡ್‌ನಲ್ಲಿ ಕಟ್ಟಿದ ಹಾಗಲ್ವಾ? ಎರಡೂ ನಕ್ಷೆ ಅಕ್ಕನಿಗೆ ತೋರಿಸಿದೆ. ಅವರು ಯೋಚಿಸಲೇ ಇಲ್ಲ. "ರೂಮೇ ಕೊಡಮ್ಮಾ. ಬೆಳಗ್ಗೆ ಆರಕ್ಕೆ ಬರ್ತೀವಿ, ಕಾಲು ಚಾಚೋಕೆ ಒಂದು ಜಾಗ ಬೇಕು." ಸಮಾನತೆ ನನ್ನ ಕಾಳಜಿ, ಮಂಡಿನೋವು ಅವರದು. ಕೊನೆಗೆ ಎರಡೂ ಬರೆದೆ: ಪ್ಯಾಂಟ್ರಿಯಲ್ಲಿ ಉದ್ದನೆ ಟೇಬಲ್, ಅದರ ಪಕ್ಕದಲ್ಲೇ ಕಿಟಕಿ ಇರೋ ಒಂದು ರೂಮು, ಒಳಗೆ ಲಾಕರ್, ದಿವಾನ. ಬಾಗಿಲಿಗೆ ಬೋರ್ಡ್ ಇಲ್ಲ. ತಾಯಂದಿರಿಗೆ ಚಿಲಕ, ಸಿಂಕು, ಫ್ರಿಜ್ ಇರೋ ಇನ್ನೊಂದು ಪುಟ್ಟ ರೂಮು.

ಜ್ಯೂರಿಗೆ ಬಂದ ಆರ್ಕಿಟೆಕ್ಟ್ ನಕ್ಷೆ ನೋಡಿ ಸೀಟು ಎಣಿಸಿದ್ರು. "80 ಕೇಳಿದ್ರೆ 74 ಕೊಟ್ಟಿದೀರ. ಕ್ಲೈಂಟ್ ಒಪ್ತಾರಾ?" ಅವರ ಮಾತು ಸುಳ್ಳಲ್ಲ, ಈ ಊರಲ್ಲಿ ಬಾಡಿಗೆ ಅಳೆಯೋದು ಚದರಡಿಯಲ್ಲೇ. ಕ್ಲೈಂಟ್ ಪಟ್ಟಿಯಲ್ಲಿದ್ದ ಟೇಬಲ್ ಟೆನಿಸ್ ತೋರಿಸಿದೆ. ಟೇಬಲ್ಲೇ 9 ಅಡಿ ಉದ್ದ, 5 ಅಡಿ ಅಗಲ. ಆಡೋಕೆ ಸುತ್ತ ಜಾಗ ಬಿಟ್ರೆ ಒಂದು ಬೆಡ್‌ರೂಮಷ್ಟು ಹೋಗುತ್ತೆ. "ಅದನ್ನ ತೆಗೆದ್ರೆ 4 ಸೀಟು ವಾಪಸ್ ಬರುತ್ತೆ ಸರ್." "ಇನ್ನೆರಡು?" "ಆ ಎರಡು ಸೀಟಿನ ಜಾಗದಲ್ಲೇ ಅಕ್ಕ ಊಟ ಮಾಡ್ತಾರೆ."

ಬಿ ಗ್ರೇಡ್ ಬಂತು. 'ಬ್ರೀಫ್ ಪೂರೈಸಿಲ್ಲ' ಅಂತ ಷರಾ.

ಬೇಜಾರಾಯ್ತು, ಆದ್ರೆ ರೂಮು ಅಳಿಸಲಿಲ್ಲ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕನ್ನೇ ಕಾನೂನು ಮಾಡಿದವು. ಒಂದು ಕುರ್ಚಿಗೂ ಕಾನೂನು ಬೇಕಾಯ್ತು. ಅಂಥದ್ದು ಬರೋವರೆಗೆ, ಬ್ರೀಫ್‌ನಲ್ಲಿ ಹೆಸರಿಲ್ಲದವರಿಗೆ ಜಾಗ ಬಿಡೋದು ನಕ್ಷೆ ಬರೆಯೋರ ಕೈಲಿದೆ. ನಕ್ಷೆ ಬರೆಯದ ನೀವು ಇಷ್ಟು ಮಾಡಬಹುದು: ನಾಳೆ ಪ್ಯಾಂಟ್ರಿಯಲ್ಲಿ ಯಾರಾದ್ರೂ ಬುತ್ತಿ ಹಿಡಿದು ಪಕ್ಕ ಬಂದು ಕೂತರೆ, ಏಳಬೇಡಿ.